ಹಿಂದಿನ ಸೀಟಿನ ಗಿಣ್ಣು

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ. ಕಿವಿಗೆ ಏನೂ ಕೊಡಲಿಲ್ಲ, ಆದರೂ ನಾವು ಹತ್ತಿ ಇಟ್ಟುಕೊಂಡು ಸುಧಾರಿಸಿಕೊಂಡೆವು. ನನ್ನಂಥವರಿಗೆ ಹತ್ತಿಯೂ ಬೇಡ. ಎದುರಿನವರು ಹೇಳುತ್ತಿರುವಾಗ ‘ಹೂಂ ಹೂಂ’ ಎನ್ನುತ್ತಾ ಒಂದಕ್ಷರವೂ ಒಳಗೆ ಹೋಗದಂತೆ ನೋಡಿಕೊಳ್ಳುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಆದರೆ ಮೂಗಿಗೆ ಕದ ಇಡುವುದನ್ನು ಮಾತ್ರ ಆ ಭಗವಂತ ಪೂರ್ತಿ ಮರೆತುಬಿಟ್ಟ. ಉಸಿರಾಡಬೇಕು ಎಂದರೆ ಮೂಸಲೇಬೇಕು. ಇದು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಮೂರು ವಾರ ನನ್ನದೇ ಕಾರಿನೊಳಗೆ ಕೂತು ತಿಳಿದದ್ದು.

ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನದ ಮೇಷ್ಟ್ರು. ನಲವತ್ತೊಂಬತ್ತನೆಯ ವಯಸ್ಸಿಗೆ ಕಾರು ಓಡಿಸುವುದನ್ನು ಕಲಿತು, ಐವತ್ತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ನನ್ನ ಡ್ರೈವಿಂಗ್ ಎಷ್ಟು ನಿಧಾನವೆಂದರೆ ಸೈಕಲ್ಲಿನಲ್ಲಿ ಹೋಗುವ ನನ್ನ ವಿದ್ಯಾರ್ಥಿಗಳು ಪಕ್ಕದಲ್ಲೇ ಬಂದು ‘ನಮಸ್ಕಾರ ಸಾ’ ಎಂದು ಹೇಳಿ, ನಾನು ತಿರುಗಿ ನಮಸ್ಕಾರ ಹೇಳುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಆದರೆ ಕಾರಿನ ಮಡಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಚಪ್ಪಲಿ ತಟ್ಟಿ ಹತ್ತಬೇಕು, ಒಳಗೆ ಏನೂ ತಿನ್ನಬಾರದು. ಒಮ್ಮೆ ನನ್ನ ಹೆಂಡತಿ ಮಂಗಳಾ ಸತ್ತೇಗಾಲದ ಹತ್ತಿರ ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದಕ್ಕೆ ಗಾಡಿ ಬದಿಗೆ ನಿಲ್ಲಿಸಿ, ಅವಳು ಇಳಿದು ತೆಂಗಿನ ಮರದ ಕೆಳಗೆ ನಿಂತು ತಿಂದು ಮುಗಿಸುವವರೆಗೂ ಕಾದಿದ್ದೆ. ಆವತ್ತು ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ‘ಆಗಲಿ, ನಿಮಗೂ ಒಂದು ದಿನ ಬರುತ್ತೆ’ ಎನ್ನುವ ನೋಟ ಅದು.

ಆ ದಿನ ಬಂದದ್ದು ನನ್ನ ಅಕ್ಕನ ಕಡೆಯಿಂದ. ಅಕ್ಕ ಮಾದೇವಮ್ಮ ಇರುವುದು ಯಳಂದೂರಿನ ಪಕ್ಕದ ಹೊನ್ನೂರಿನಲ್ಲಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಗದ್ದೆ ಕೆಲಸಕ್ಕೆ ಹೋದಾಗಲೆಲ್ಲ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದವಳು. ತನ್ನ ಸೊಂಟ ಒಂದು ಕಡೆಗೆ ವಾಲಿರುವುದು ನನ್ನಿಂದಲೇ ಎಂದು ಇವತ್ತಿಗೂ ನೆಂಟರಿಷ್ಟರ ಮುಂದೆ ದೂರು ಕೊಡುತ್ತಾಳೆ. ಅವಳಿಗೆ ನಾನು ಇನ್ನೂ ‘ಲೇ ಪುಟ್ಟ’. ಅವಳ ಹಸು ಗೌರಿ ಎರಡು ವರ್ಷದಿಂದ ಗಬ್ಬ ನಿಲ್ಲದೆ, ಅಕ್ಕ ಮಾಡಿಸದ ಔಷಧಿಯಿಲ್ಲ, ಕರೆಸದ ಡಾಕ್ಟರಿಲ್ಲ. ಕೊನೆಗೆ ಬೆಟ್ಟದ ಮೇಲಿನ ದೇವರು ಮಾದಪ್ಪನಿಗೆ ಹರಕೆ ಹೊತ್ತಳು: ಗೌರಿ ಸುಸೂತ್ರವಾಗಿ ಕರು ಹಾಕಿದರೆ ಮೊದಲ ತುಪ್ಪವನ್ನು ಮೀಸಲು ತೆಗೆದು ತಾನೇ ಬೆಟ್ಟಕ್ಕೆ ತರುತ್ತೇನೆ, ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಆ ತುಪ್ಪವನ್ನು ಬೆರಳಲ್ಲಿ ಮುಟ್ಟುವುದಿಲ್ಲ ಎಂದು. ಮಾದಪ್ಪ ಕೇಳಿಸಿಕೊಂಡ. ಒಂದು ಗುರುವಾರ ಬೆಳಿಗ್ಗೆಯೇ ಫೋನು ಬಂತು.

“ಲೇ ಪುಟ್ಟ, ಗೌರಿ ಕರ ಆಕ್ತು ಕಣ್ಲಾ! ಎಣ್ಗರ! ಅಣೆ ಮೇಲೆ ಇಬೂತಿ ಇಟ್ಟಂಗೆ ಬೆಳ್ಳಗೆ ಪಟ್ಟೆ ಅದ. ಗಿಣ್ಣಾಲು ತಕಂಡೋಗೀವಂತೆ, ಬಾ.”

ಗಿಣ್ಣಿನ ರುಚಿ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿ ಹೊಟ್ಟೆ ಉರಿಸುವುದು ತಪ್ಪು. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲು ಅದು, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದರೆ ಮೆತ್ತಗೆ ಗಟ್ಟಿಯಾಗುತ್ತದೆ, ಅಷ್ಟು ಸಾಕು. ಶುಕ್ರವಾರ, ಶನಿವಾರ ಶಾಲೆಯಿತ್ತು. ಭಾನುವಾರ ಮಂಗಳಾಗೆ ಬೆಲ್ಲ ಕುಟ್ಟಿಟ್ಟಿರು ಎಂದು ಹೇಳಿ ಒಬ್ಬನೇ ಹೊನ್ನೂರಿಗೆ ಹೋದೆ. ಕರುವಿನ ಹಣೆ ಸವರಿ, ಗೌರಿಗೆ ಬಾಳೆಹಣ್ಣು ತಿನ್ನಿಸಿ, ಮುದ್ದೆ ಊಟ ಮಾಡಿ ಹೊರಡುವ ಹೊತ್ತಿಗೆ ಅಕ್ಕ ಸ್ಟೀಲ್ ಕ್ಯಾನಿನ ತುಂಬ ಆಗಷ್ಟೇ ಕರೆದ ಹಾಲು ತಂದಳು. ಬಿಸಿ ಹಾಲಿಗೆ ಮುಚ್ಚಳ ಬಿಗಿಯಬಾರದು ಎಂದು ಸಡಿಲವಾಗಿ ಮುಚ್ಚಿ, ಮೇಲೆ ಬಟ್ಟೆ ಕಟ್ಟಿದ್ದಳು. ದೃಷ್ಟಿಯಾಗದಿರಲಿ ಎಂದು ಕ್ಯಾನಿನ ಹಿಡಿಕೆಗೆ ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ ಕಟ್ಟುವುದನ್ನೂ ಮರೆತಿರಲಿಲ್ಲ. ನಾನು ವಿಜ್ಞಾನದ ಮೇಷ್ಟ್ರಲ್ಲವೇ, ಇದ್ದಿಲು ನೋಡಿ ಒಂದು ಸಣ್ಣ ನಗೆ ನಕ್ಕೆ. ಕ್ಯಾನನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ, ಬೆಲ್ಟ್ ಹಾಕಿ, ನನ್ನ ಮುಂಜಾಗ್ರತೆಯನ್ನು ನಾನೇ ಮೆಚ್ಚಿಕೊಂಡು ಕಾರು ಹತ್ತಿದೆ. ಅಕ್ಕ ಕಿಟಕಿಯ ಪಕ್ಕ ನಿಂತು ಏನೋ ಹೇಳುತ್ತಲೇ ಇದ್ದಳು. ಹಿಂದೆ ಹುಲ್ಲಿನ ಮೆದೆ, ಪಕ್ಕದಲ್ಲಿ ಚರಂಡಿ. ರಿವರ್ಸ್ ತೆಗೆಯುವುದು ನನಗೆ ಈಗಲೂ ಪಬ್ಲಿಕ್ ಪರೀಕ್ಷೆ. ‘ಹೂಂ ಅಕ್ಕ, ಹೂಂ’ ಎನ್ನುತ್ತಾ ಹೊರಟುಬಿಟ್ಟೆ.

ಯಳಂದೂರಿನ ಹತ್ತಿರ ಒಂದು ಹಂಪ್ಸ್, ಅಂದರೆ ರಸ್ತೆ ಉಬ್ಬು, ಇದೆ. ಬಣ್ಣ ಇಲ್ಲ, ಬೋರ್ಡು ಇಲ್ಲ. ಅದರ ಮೇಲೆ ಹಾರಿದವರಿಗೆ ಮಾತ್ರ ಅದು ಅಲ್ಲಿರುವುದು ಗೊತ್ತಾಗುತ್ತದೆ. ಜೀವಮಾನದಲ್ಲಿ ಒಂದೇ ಒಂದು ಸಲ ಸ್ವಲ್ಪ ಜೋರಾಗಿ ಹೋಗುತ್ತಿದ್ದೆ, ಗಿಣ್ಣಿನ ಆಸೆಗೆ. ಕಾರು ಎಗರಿತು, ನಾನು ಬ್ರೇಕ್ ತುಳಿದೆ, ಹಿಂದಿನಿಂದ ‘ಬುಳುಕ್’ ಎಂದು ಒಂದು ಸದ್ದು ಬಂತು. ಆ ಸದ್ದಾದ ಮೇಲೆ ತಿರುಗಿ ನೋಡಲು ನನಗೆ ಒಂದು ನಿಮಿಷವಾದರೂ ಬೇಕಾಯಿತು. ಬೆಲ್ಟು ಕ್ಯಾನನ್ನು ಭದ್ರವಾಗಿ ಹಿಡಿದಿತ್ತು, ಆದರೆ ಮಲಗಿಸಿ ಹಿಡಿದಿತ್ತು. ಅಷ್ಟೂ ಹಾಲು ಸೀಟಿನ ಮೇಲೆ ಹರಿದು, ಸಂದಿಯಲ್ಲಿ ಇಳಿದು, ಕೆಳಗಿನ ಕಾರ್ಪೆಟ್ಟಿನೊಳಗೆ ಮಾಯವಾಗುತ್ತಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದೆ, ಹಿಂಡಿದೆ, ಮತ್ತೆ ಒರೆಸಿದೆ. ಒಂಚೂರೂ ನೆನೆಯದೆ ಉಳಿದದ್ದು ದೃಷ್ಟಿಯ ಇದ್ದಿಲು ಮತ್ತು ಮೆಣಸಿನಕಾಯಿ ಮಾತ್ರ. ಸಿಟ್ಟಿನಲ್ಲಿ ಎರಡನ್ನೂ ಕಿತ್ತು ಕಬ್ಬಿನ ಗದ್ದೆಗೆ ಎಸೆದೆ.

ಹೋದದ್ದು ಎರಡು ಸೇರು ಹಾಲು, ಹೋಗಲಿ ಎನ್ನಬಹುದಿತ್ತು. ಆದರೆ ಅಕ್ಕ ನಾನು ಚಿಕ್ಕವನಿದ್ದಾಗಿನಿಂದ ಹೇಳಿಕೊಟ್ಟಿದ್ದ ಒಂದು ಮಾತು ತಲೆಯೊಳಗೆ ಕೂತಿತ್ತು. ಗಿಣ್ಣುಹಾಲು ಚೆಲ್ಲಬಾರದು, ಚೆಲ್ಲಿದರೆ ಹಸುವಿನ ಕೆಚ್ಚಲಿಗೆ ಕೇಡು. ಎರಡು ವರ್ಷ ಕಾದು ಕಂಡ ಹಾಲನ್ನು ನಾನು ಚೆಲ್ಲಿದೆ ಎಂದು ಗೊತ್ತಾದರೆ ಅಕ್ಕ ರಾತ್ರಿಯೆಲ್ಲ ಎದ್ದೆದ್ದು ಕೊಟ್ಟಿಗೆಗೆ ಹೋಗಿ ಗೌರಿಯ ಕೆಚ್ಚಲು ಮುಟ್ಟಿ ನೋಡುತ್ತಾಳೆ. ಅದಕ್ಕೇ ಸಂಜೆ ಫೋನು ಬಂದಾಗ, ಮಂಗಳಾ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದರೂ, ನಾನು ಸುಳ್ಳು ಹೇಳಿದೆ.

“ಗಿಣ್ಣು ಎಂಗಾಯ್ತ್ಲಾ?” ಎಂದಳು ಅಕ್ಕ.

“ಬಲೇ ಚೆಂದಾಗಿ ಬಂತು ಕಣಕ್ಕ. ಒಳ್ಳೆ ಗಟ್ಟಿಯಾಗಿತ್ತು. ಚಾಕು ತಕಂಡು ಬರ್ಫಿ ಕುಯ್ದಂಗೆ ಕುಯ್ದು ತಿಂದೊ.”

“ಚಾಕು ತಕಂಡಾ?”

“ಊಂ ಅಕ್ಕ. ಮಂಗಳಾ ಏಲಕ್ಕಿ ಬ್ಯಾರೆ ಆಕಿದ್ಲು.”

“ಸರಿ ಬುಡು,” ಎಂದು ಅಕ್ಕ ಫೋನಿಟ್ಟಳು. ಸುಳ್ಳಿಗೆ ಏಲಕ್ಕಿಯ ಘಮವನ್ನೂ ಸೇರಿಸಿದೆನಲ್ಲ ಎಂದು ನನಗೆ ಒಳಗೊಳಗೇ ಖುಷಿ. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದವಳು ಆಮೇಲೆ ವಾರವಾದರೂ ಮಾಡಲಿಲ್ಲ. ನಾನೇ ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಹಸು, ಕರು, ಕೈತುಂಬ ಕೆಲಸ ಎಂದುಕೊಂಡೆ. ಒಂದು ಮಾತ್ರ ಖಚಿತವಾಗಿ ಹೇಳಿದ್ದಳು: ಮೂರು ವಾರ ಬಿಟ್ಟು ಬರುವ ಸೋಮವಾರ ಮೀಸಲು ತುಪ್ಪ ತೆಗೆದುಕೊಂಡು ಬೆಟ್ಟಕ್ಕೆ ಹೋಗಬೇಕು, ನನ್ನ ಕಾರಿನಲ್ಲಿ.

ಅಂದರೆ ಆ ಸೀಟಿನ ಮೇಲೆ. ಅಂಗಳದಲ್ಲಿ ನಿಂತು ಮೂರು ಮನೆಯಾಚೆ ಯಾರ ಒಲೆಯ ಮೇಲೆ ಹಾಲುಕ್ಕಿತು ಎಂದು ಹೇಳುವ ಮೂಗು ನನ್ನ ಅಕ್ಕನದು. ಹಾಲು ಚೆಲ್ಲಿದ ಮೊದಲ ದಿನ ಕಾರಿನೊಳಗೆ ಹಸುಗೂಸು ಮಲಗಿದಂಥ ಹಿತವಾದ ವಾಸನೆ ಇತ್ತು. ಎರಡನೆಯ ದಿನ ಮೊಸರಾಯಿತು. ಮೂರನೆಯ ದಿನ ಬಿಸಿಲೇರಿದ ಮೇಲೆ ಬಾಗಿಲು ತೆಗೆದೆ ನೋಡಿ, ನನ್ನ ರಸಾಯನಶಾಸ್ತ್ರದಲ್ಲಿ ಆ ವಾಸನೆಗೆ ಹೆಸರಿಲ್ಲ. ನನ್ನ ಜೊತೆ ದಿನಾ ಶಾಲೆಗೆ ಕಾರಿನಲ್ಲಿ ಬರುತ್ತಿದ್ದ ಡ್ರಿಲ್ ಮೇಷ್ಟ್ರು ಸಿದ್ದರಾಜು, “ಡಾಕ್ಟ್ರು ವಾಕಿಂಗ್ ಮಾಡು ಅಂದವ್ರೆ ಕಣ್ರಿ,” ಎಂದು ನಡೆದುಕೊಂಡು ಬರಲು ಶುರು ಮಾಡಿದರು. ಬೀದಿಯ ಬೆಕ್ಕುಗಳೆಲ್ಲ ಕಾರಿನ ಸುತ್ತ ಕೂತು ಕಿಟಕಿಯ ಕಡೆ ಗೌರವದಿಂದ ನೋಡತೊಡಗಿದವು.

ಚಿಕಿತ್ಸೆ ಆರಂಭವಾಯಿತು. ಮೊದಲು ಸೋಪಿನ ನೀರು ಸುರಿದೆ, ಹಾಲಿನ ಜೊತೆಗೆ ಸ್ಪಂಜೂ ಕೊಳೆಯಿತು. ಎಲ್ಲ ಸೀಟಿಗೂ ಅಡುಗೆ ಸೋಡಾ ಉದುರಿಸಿದೆ, ಪ್ಯಾಂಟಿನ ಹಿಂಭಾಗವೆಲ್ಲ ಬೆಳ್ಳಗಾಗಿ ತರಗತಿಯಲ್ಲಿ ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನಗು ಕೇಳಿಸಿತು. ಅಂಗಡಿಯವನು ಕೊಟ್ಟ ಮಲ್ಲಿಗೆ ಸೆಂಟು ತೂಗುಹಾಕಿದೆ, ಮದುವೆ ಛತ್ರದ ಮಾರನೆಯ ಬೆಳಗಿನ ವಾಸನೆ ಬಂತು. ಸಿದ್ದರಾಜು ಮೇಷ್ಟ್ರು ದೂರದಲ್ಲೇ ನಿಂತು ಕಾಫಿಪುಡಿ ಇಡಿ ಎಂದು ಸಲಹೆ ಕೊಟ್ಟರು. ಇಟ್ಟ ಮೇಲೆ ಕಾರು ಹಳಸಿದ ಕಾಫಿಯಂತೆ ನಾರಿತು. ಮಂಗಳಾ ಯಾವುದಕ್ಕೂ ಇರಲಿ ಎಂದು ಸೀಟಿಗೆಲ್ಲ ವಿಭೂತಿ ಹಚ್ಚಿದಳು. ಇಸ್ತ್ರಿ ಅಂಗಡಿಯಿಂದ ಒಂದು ಚೀಲ ಇದ್ದಿಲು ತಂದು, ಅಷ್ಟನ್ನೂ ಕೆಂಡ ಮಾಡಿ, ಮೂರು ದಿನ ಸಾಂಬ್ರಾಣಿ ಹೊಗೆ ಹಾಕಿದೆವು. ಕಾರು ಗುಡಿಯಂತಾಯಿತು, ಆದರೆ ಪೂಜೆ ನಿಂತುಹೋದ ಗುಡಿ. ಆ ಚೀಲದ ಇದ್ದಿಲಿನ ವಿಷಯ ಮುಂದೆ ಬರುತ್ತದೆ, ಅದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ನಿಂಬೆಹಣ್ಣಿನದು. ನಿಂಬೆಹುಳಿ ಜಿಡ್ಡಿನ ವಾಸನೆ ತೆಗೆಯುತ್ತದೆ ಎಂದು ನಾಲ್ಕು ಹಣ್ಣು ಹೋಳು ಮಾಡಿ ಕಾರಿನ ನಾಲ್ಕು ಮೂಲೆಗೆ ಇಟ್ಟು, ಗಾಜು ಇಳಿಸಿ ಮನೆ ಮುಂದೆ ನಿಲ್ಲಿಸಿದೆ. ಬೇರೆ ಊರಿನಲ್ಲಾಗಿದ್ದರೆ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಆದರೆ ಇದು ಕೊಳ್ಳೇಗಾಲ. ಇಲ್ಲಿ ಕುಯ್ದ ನಿಂಬೆಹಣ್ಣು ನಾಲ್ಕು ಮೂಲೆಯಲ್ಲಿ ಕಂಡರೆ, ಜೊತೆಗೆ ವಿಭೂತಿ, ಸಾಂಬ್ರಾಣಿ ಬೇರೆ ಇದ್ದರೆ, ಜನ ಶರಬತ್ತು ಎಂದು ತಿಳಿಯುವುದಿಲ್ಲ. ಮಾರನೆಯ ದಿನ ಹೂವಿನ ಹೆಂಗಸು ಆಚೆ ಬದಿಯಿಂದಲೇ ಹೂವು ಎಸೆದಳು. ಎದುರು ಮನೆಯವರು ತಮ್ಮ ಸ್ಕೂಟರನ್ನು ಮುಂದಿನ ಬೀದಿಯಲ್ಲಿ ನಿಲ್ಲಿಸಿದರು. ಒಬ್ಬರು ಮಾತ್ರ ಧೈರ್ಯ ಮಾಡಿ ಬಂದು, “ಯಾರ್ ಮಾಡ್ಸಿದ್ದು ಅಂತ ಗೊತ್ತಾಯ್ತಾ ಸಾ?” ಎಂದು ಮೆಲ್ಲಗೆ ಕೇಳಿದರು. ಗೊತ್ತಿತ್ತು, ಆದರೆ ನಾನೇ ಎಂದು ಹೇಗೆ ಹೇಳಲಿ?

ಕೊನೆಗೆ ಕಾರು ತೊಳೆಯುವ ಬಾಬು ಹತ್ತಿರ ಹೋದೆ. ಅವನು ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ತಕ್ಷಣ ಹೊರಗೆ ತೆಗೆದ. “ಸಾ, ಸಾಂಬಾರ್ ಬಿದ್ರೆ ಓಯ್ತದೆ, ಮೀನ್ ಬಿದ್ರೂ ಓಯ್ತದೆ. ಆಲು ಬಿತ್ತು ಅಂದ್ರೆ ಸೀಟು ಬಿಚ್ಲೇಬೇಕು,” ಎಂದ. ಬಿಚ್ಚಿದ. ತೊಳೆದು, ಒಣಗಿಸಿ, ಎರಡು ದಿನ ಬಿಸಿಲಿಗೆ ಹಾಕಿ ಜೋಡಿಸಿಕೊಟ್ಟ. ನಿಜ ಹೇಳಬೇಕೆಂದರೆ ಆಗ ನನಗೆ ಆಸೆ ಚಿಗುರಿತು. ಬೆಳಿಗ್ಗೆ ಹೊತ್ತು ಏನೂ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಗಾಜು ಏರಿಸಿದರೆ ಮಾತ್ರ ಎಲ್ಲಿಂದಲೋ ಒಂದು ಎಳೆ ಹುಳಿ ವಾಸನೆ. ಬೇಗ ಹೊರಟು, ಗಾಜು ಇಳಿಸಿಕೊಂಡೇ ಹೋದರೆ ಬೆಟ್ಟ ಮುಟ್ಟಬಹುದು ಎಂದು ಲೆಕ್ಕ ಹಾಕಿದೆ. ಇನ್ನೊಂದು ಸಲ ಸೀಟು ಬಿಚ್ಚಿ ತೊಳೆದುಬಿಡು ಎಂದು ಬಾಬುವನ್ನು ಕೇಳಿಕೊಂಡೆ. ಅವನಿಗೆ ಆ ಶನಿವಾರ, ಭಾನುವಾರ ಪುರುಸೊತ್ತಿರಲಿಲ್ಲ. ಆಗ ಅವನನ್ನು ಎಷ್ಟು ಬೈದುಕೊಂಡೆನೋ, ಈಗ ಅಷ್ಟೇ ಸಲ ಕೈಮುಗಿಯುತ್ತೇನೆ.

ಸೋಮವಾರ ರಜೆ ಹಾಕಿದೆ. ಹಿಂದಿನ ಸಂಜೆಯೇ ಬಸ್ಸಿನಲ್ಲಿ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ ಅಕ್ಕ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಧರಿಸಿ, ತುಪ್ಪದ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬೆಲ್ಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಂಗಳಾ ಮುಂದೆ. ಅಕ್ಕ ಯಾವತ್ತಿನಂತೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಅಷ್ಟೇ ಉತ್ತರ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನೆಂಟರ ಮನೆಯವಳಂತೆ ಕೂತಿದ್ದಳು. ಆದರೆ ಹಾಲಿನ ವಾಸನೆಯ ಭಯದಲ್ಲಿ ಯಾಕೆಂದು ಕೇಳಲು ಹೋಗಲಿಲ್ಲ. ನಾಲ್ಕೂ ಗಾಜು ಇಳಿಸಿಕೊಂಡು, ಮಾದಪ್ಪನಿಗಿಂತ ಹೆಚ್ಚಾಗಿ ಗಾಳಿಯನ್ನು ನೆನೆಯುತ್ತಾ ಹೋದೆ. ಹನೂರು ಸಮೀಪಿಸಿತು, ಬಿಸಿಲೇರಿತು.

“ಲೇ, ಗಾಜ್ ಏರ್ಸ್ಲಾ. ಗಾಳಿ ಒಡ್ದು ಕಿವಿ ಗುಯ್ ಅಂತದೆ.”

“ಸೆಕೆ ಆಯ್ತದಕ್ಕ,” ಎಂದೆ.

“ಏರ್ಸು ಅಂದ್ರೆ ಏರ್ಸು.”

ಏರಿಸಿದೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡುತ್ತೇನೆ, ಅಕ್ಕನ ಮೂಗು ಒಂದು ಸಲ ಅಲುಗಿತು. ಇನ್ನೊಂದು ಸಲ ಅಲುಗಿತು. “ಲೇ ಪುಟ್ಟ, ಕಾರ್ ನಿಲ್ಸು.”

ಹನೂರಿನ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಅಕ್ಕ ತುಪ್ಪದ ಕ್ಯಾನನ್ನು ಮಂಗಳಾ ಕೈಗೆ ಕೊಟ್ಟು, ಬಗ್ಗಿ, ಸೀಟಿನ ಸಂದಿಗೆ ಮೂಗಿಟ್ಟು ಮೂಸಿದಳು. ತಲೆಯೆತ್ತಿ ನನ್ನನ್ನೇ ನೋಡಿದಳು.

“ಇದು ಗೌರಿ ಆಲು ಅಲ್ವೇನ್ಲಾ?”

ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿಗೆ ಬಂದದ್ದು ಊರಿನ ಮಾತೇ. “ಚೆಲ್ಲೋಯ್ತಕ್ಕ. ಯಳಂದೂರ್ ಅಂಪ್ಸ್ ತಾವು. ಒಂದ್ ತೊಟ್ಟೂ ಉಳೀನಿಲ್ಲ. ಕೆಚ್ಚಲ್ಗೆ ಕೇಡು ಅಂತ ನೀನೇ ಯೋಳ್ತಿದ್ಯಲ್ಲ, ಅದ್ಕೇ ಸುಳ್ ಯೋಳ್ಬುಟ್ಟೆ.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅಕ್ಕನ ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು. “ಅಂಗಾರೆ ನೀವು ಬಚ್ಚಲ್ಗೆ ಸುರೀನಿಲ್ವಾ?”

“ಬಚ್ಚಲ್ಗಾ? ಯಾಕಕ್ಕ ಸುರೀತೀವಿ?”

“ಅದು ನಾಕ್ನೇ ದಿಸದ ಆಲು ಕಣ್ಲಾ, ದಡ್ಡ! ನಾಕ್ನೇ ದಿಸಕ್ಕೆ ತಿಳಿಯಾಗೋಯ್ತದೆ. ಅದ್ರಲ್ಲಿ ಗಿಣ್ಣು ಎಲ್ಲಾರ ಗಟ್ಟಿ ಆದದಾ? ಬೆಲ್ಲ ಆಕಿ ಕಾಯ್ಸಿ ಕುಡೀರಿ, ಗಟ್ಟಿ ಆಗಲ್ಲ ಅಂತ ಕಾರ್ ತಾವು ನಿಂತ್ಕಂಡು ಮೂರ್ ಸಲ ಯೋಳ್ದೆ. ಊಂ ಊಂ ಅಂದೆ. ಸಾಯಂಕಾಲ ನೋಡುದ್ರೆ ಬರ್ಫಿ ಕುಯ್ದಂಗೆ ಕುಯ್ದು ತಿಂದೊ ಅಂತೀಯ! ಪ್ಯಾಟೆ ಸೇರ್ಕಂಡು ಸುಗರು ಬೀಪಿ ಅಂತ ನಮ್ಮನೆ ಆಲು ಸುರ್ದ್ಬುಟ್ಟು, ನನ್ ಸಮಾಧಾನಕ್ಕೆ ಕತೆ ಕಟ್ತಾನೆ ಅಂದ್ಕಂಡೆ. ಮೂರ್ ವಾರ ಉಂಡ ಅನ್ನ ಮೈಗತ್ನಿಲ್ಲ ನಂಗೆ.”

ಮೂರು ವಾರ ನಾನು ವಾಸನೆಯ ಹಿಂದೆ ಓಡಾಡುತ್ತಿದ್ದಾಗ ಅಕ್ಕ ಅಲ್ಲಿ ಕೊರಗುತ್ತಾ ಕೂತಿದ್ದಳು. ನನ್ನ ಕಡೆ ಸಾಕ್ಷಿ ಹೇಳಲು ಇದ್ದದ್ದು ಈ ನಾರುವ ಸೀಟು ಒಂದೇ. ಅದರ ಬಾಯಿ ಮುಚ್ಚಿಸಲು ನಾನು ಸೋಡಾ, ಸೆಂಟು, ಸಾಂಬ್ರಾಣಿ ಎಲ್ಲ ಪ್ರಯೋಗಿಸಿದ್ದೆ. ಬಾಬುಗೆ ಆ ಭಾನುವಾರ ಪುರುಸೊತ್ತು ಸಿಕ್ಕಿದ್ದರೆ ನನ್ನ ಕಾರು ಘಮಘಮ ಎನ್ನುತ್ತಿತ್ತು, ಅಕ್ಕ ಮಾತ್ರ ಬೆಟ್ಟದಿಂದ ಬಂದು ಮುನಿಸಿಕೊಂಡೇ ಹೊನ್ನೂರಿಗೆ ಹೋಗುತ್ತಿದ್ದಳು.

“ಗೌರಿ ಕೆಚ್ಚಲು...” ಎಂದು ಮೆಲ್ಲಗೆ ಕೇಳಿದೆ.

“ಎಲ್ಡೊತ್ತೂ ಕ್ಯಾನ್ ತುಂಬ ಕರೀತದೆ. ಯಳಂದೂರ್ ಅಂಪ್ಸ್ ಮೇಲೆ ಚೆಲ್ಲಿದ್ದು ಒನ್ನೂರ್ ಕೊಟ್ಗೇಲಿರೋ ಗೌರೀಗೆ ಎಂಗೆ ಗೊತ್ತಾದದ್ಲಾ? ಚಿಕ್ಕೋನಾಗಿದ್ದಾಗ ಲೋಟ ಕೊಟ್ರೆ ಅರ್ಧ ಚೆಲ್ತಿದ್ದೆ, ಅದ್ಕೆ ಎದರ್ಸಕ್ಕೆ ಅಂಗಂತಿದ್ದೆ. ಇಸ್ಟ್ ಓದ್ಬುಟ್ಟು ಅದ್ನ ನಂಬ್ಕಂಡ್ ಕೂತಿದ್ಯಾ?”

ಟೀ ಅಂಗಡಿಯವನೂ ನಕ್ಕ. ಮಂಗಳಾ ನಗಲಿಲ್ಲ, ಅವಳು ಪರ್ಸಿನಿಂದ ಕಡಲೆಕಾಯಿ ಪೊಟ್ಟಣ ತೆಗೆದು, ನನ್ನ ಮುಖ ನೋಡುತ್ತಾ, ಕಾರಿನೊಳಗೇ ಬಿಚ್ಚಿದಳು. ನಾನು ಕಾರು ಹತ್ತಿ ಹೊರಟೆ. ಹನೂರಿನಿಂದ ಬೆಟ್ಟದವರೆಗೆ ಅಕ್ಕ ಮೂರು ವಾರದ ಬಾಕಿ ಮಾತನ್ನೆಲ್ಲ ಆಡಿದಳು. ಕಾಡಿನ ತಿರುವುಗಳಲ್ಲಿ ಸಿಪ್ಪೆ ಒಂದೊಂದಾಗಿ ನನ್ನ ಕಾರ್ಪೆಟ್ಟಿನ ಮೇಲೆ ಬೀಳುತ್ತಿತ್ತು. ಅಷ್ಟು ಸುಖವಾದ ಪ್ರಯಾಣ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ತುಪ್ಪ ಒಪ್ಪಿಸಿ, ಪ್ರಸಾದ ತೆಗೆದುಕೊಂಡು ವಾಪಸು ಬಂದ ಮೇಲೆ, ಅಕ್ಕ ಖಾಲಿ ಕ್ಯಾನಿನ ಹಿಡಿಕೆಗೆ ಕಟ್ಟಿದ್ದ ಇದ್ದಿಲು ಬಿಚ್ಚಿ ನನ್ನ ಕೈಯಲ್ಲಿಟ್ಟಳು. “ಇದ್ನ ಒಂದ್ ಬುಟ್ಟಿ ತಕಂಡು, ಬಟ್ಟೇಲಿ ಕಟ್ಟಿ ಸೀಟಡಿಗೆ ಇಕ್ಕು. ಎಂಟ್ ದಿಸ್ದಲ್ಲಿ ವಾಸ್ನೆ ಎಲ್ಲ ಈರ್ಕತದೆ. ಮೊಸರು ಮಡಿಕೆ ಇಡೋ ಗೂಡ್ಗೆ ನಾವು ಇಡಲ್ವಾ? ನಿಮ್ ಸ್ಕೂಲಲ್ಲಿ ಇದ್ನೆಲ್ಲ ಯೋಳ್ಕೊಡಲ್ವಾ?”

ಹೇಳಿಕೊಡುತ್ತೇವೆ. ಇದ್ದಿಲು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನೇ ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಒಂದು ತುಂಡನ್ನು ಕಬ್ಬಿನ ಗದ್ದೆಗೆ ಎಸೆದು, ಒಂದು ಚೀಲವನ್ನು ಸಾಂಬ್ರಾಣಿಗೆ ಸುಟ್ಟವನೂ ನಾನೇ.

ಎಂಟು ದಿನ ಬೇಕಾಗಲಿಲ್ಲ, ಆರನೆಯ ದಿನಕ್ಕೇ ವಾಸನೆ ಹೋಯಿತು. ಬೆಕ್ಕುಗಳು ಬೇರೆ ಬೀದಿ ಹಿಡಿದವು. ಸಿದ್ದರಾಜು ಮೇಷ್ಟ್ರಿಗೆ ವಾಕಿಂಗ್ ಸಾಕು ಎಂದು ಅವರ ಡಾಕ್ಟರು ಹೇಳಿದರಂತೆ, ಮತ್ತೆ ಕಾರು ಹತ್ತಿದರು. ಹತ್ತಿದವರು ಸೀಟಿನಡಿಯ ಗಂಟು ನೋಡಿ, “ಇದ್ಯಾಕ್ ಮೇಷ್ಟ್ರೇ ಇದ್ದಿಲು?” ಎಂದು ಕೇಳಿದರು. ನಿಜ ಹೇಳಿದರೆ, ಗೊತ್ತಿದ್ದೂ ಮೂರು ವಾರ ಯಾಕೆ ಇಡಲಿಲ್ಲ ಎಂದು ಕೇಳುತ್ತಾರೆ. ಶಾಲೆಯ ಏಕೈಕ ವಿಜ್ಞಾನದ ಮೇಷ್ಟ್ರಾದ ನಾನು ಗಂಟಲು ಸರಿಮಾಡಿಕೊಂಡು, “ದೃಷ್ಟಿಗೆ ಕಣ್ರಿ,” ಎಂದೆ. ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ ಎಂದು ಮಾದಪ್ಪನ ಮುಂದೆ ಮಾತು ಕೊಟ್ಟಿದ್ದೇನೆ ನಿಜ, ಆದರೆ ಅದು ಅಕ್ಕನಿಗೆ ಮಾತ್ರ.